ಗುರುವಾರದ ಗಂಡಸರು

ಮೇಲಿನ ಮಹಡಿಯ ನಿವೃತ್ತ ಹೆಡ್‌ಮಾಸ್ಟರು ಎರಡು ತಿಂಗಳು ಕಿಟಕಿಯಲ್ಲಿ ಕೂತು ಹಾಜರಿ ತೆಗೆದುಕೊಂಡ ಮೇಲೆ ಬ್ರೇಕಮ್ಮನ ಮಗಳಿಗೆ ಫೋನು ಮಾಡಿದರು.

"ಪ್ರತಿ ಗುರುವಾರ ನಾಲ್ಕು ಗಂಟೆಗೆ ಮೂವರು ಗಂಡಸ್ರು ಬರ್ತಾರಮ್ಮ. ಮೂವರೂ ಮೂವತ್ತರ ಆಸುಪಾಸು. ಬಾಗಿಲು ಹಾಕ್ಕೊಳ್ತಾರೆ. ಆಮೇಲೆ ನಗು ಕೇಳ್ಸುತ್ತೆ."

"ಯಾರ ನಗು?"

"ಅದೇ ಸಮಸ್ಯೆ. ಹೆಚ್ಚಾಗಿ ನಿಮ್ಮ ತಾಯಿಯದೇ."

ಮಗಳು ತನ್ನ ಔಷಧಿ ಅಂಗಡಿಯನ್ನು ಗಂಡನ ಕೈಗೆ ಒಪ್ಪಿಸಿ ಅರ್ಧ ಗಂಟೆಯಲ್ಲಿ ಓಡಿಬಂದಳು.

ಬ್ರೇಕಮ್ಮನಿಗೆ ಆಗ ಎಪ್ಪತ್ತೊಂದು ವಯಸ್ಸು. ಬಹುವಚನದಲ್ಲಿ ಮಾತಾಡಿಸಿದರೆ ಅವಳಿಗೆ ಮೈ ಉರಿಯುತ್ತಿತ್ತು, ಆದ್ದರಿಂದ ಇಲ್ಲೂ ಏಕವಚನವೇ ಇರಲಿ. ಮೂವತ್ತಾರು ವರ್ಷ ಅವಳು ಊರಿನ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದ್ದಳು. ಕಲಿಯುವವನ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬುಡದಲ್ಲಿ ಬೇರೆಯಾಗಿ ಹಾಕಿಸಿಕೊಂಡಿದ್ದ ಬ್ರೇಕಿನ ಮೇಲೆ ಸದಾ ಕಾಲಿಟ್ಟುಕೊಂಡೇ ಇರುತ್ತಿದ್ದಳು. ಬ್ರೇಕು ಇದ್ದದ್ದು ಕಾಲಿಗೆ ಮಾತ್ರ, ನಾಲಿಗೆಗೆ ಇರಲಿಲ್ಲ. "ಆ ಕಂಬ ನಿಮ್ಮಪ್ಪ ಹುಟ್ಟೋಕೆ ಮುಂಚಿನಿಂದ ಅಲ್ಲೇ ಇದೆ, ಅದೇನೂ ಅಡ್ಡ ಬರಲ್ಲ, ನೀನೇ ಹೋಗಿ ಗುದ್ಬೇಡ" ಎಂಬುದು ಅವಳು ಹೇಳಿದ್ದರಲ್ಲಿ ಅಚ್ಚು ಹಾಕಬಹುದಾದ ಮಾತು. ಗಂಡ ಹನ್ನೊಂದು ವರ್ಷದ ಹಿಂದೆ ತೀರಿಕೊಂಡಿದ್ದ. ಒಳ್ಳೆಯವನು, ಅವನ ಗೊರಕೆಯನ್ನು ಬಿಟ್ಟರೆ ಅವನ ಮೇಲೆ ಹೇಳುವಂಥದ್ದೇನೂ ಇರಲಿಲ್ಲ.

ಮೂವರು ಗಂಡಸರೂ ಅವಳ ಹಳೆಯ ಶಿಷ್ಯರು. ಮೊದಲನೆಯವನು ಹಲ್ಲು ಡಾಕ್ಟರು. ದಿನವೂ ಜನರ ಬಾಯಲ್ಲಿ ಡ್ರಿಲ್ ಓಡಿಸುವ ಈ ಮನುಷ್ಯ ಮೊದಲ ಸಲ ಸೇತುವೆ ಹತ್ತಿಸುವಾಗ ಸ್ಟಿಯರಿಂಗಿನ ಮೇಲೆ ಮೂರ್ಛೆ ಹೋಗಿದ್ದ. ಎರಡನೆಯವನು ಕ್ಷೌರದಂಗಡಿಯವನು. ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಎರಡೂ ಕೈ ಆಡಿಸದೆ ಅವನಿಗೆ ಮಾತು ಬರುತ್ತಿರಲಿಲ್ಲ, ಮಾತಾಡದೆ ಇರಲು ಬರುತ್ತಿರಲಿಲ್ಲ, ಹೀಗಾಗಿ ಸ್ಟಿಯರಿಂಗ್ ಹಿಡಿಯುವವರೇ ಇರುತ್ತಿರಲಿಲ್ಲ. ಮೂರನೆಯವನು ಆಂಬುಲೆನ್ಸ್ ಡ್ರೈವರು, ಅಡ್ಡಹೆಸರು ಸೈರನ್. ಹೆಸರು ಹಾಗಿದ್ದರೂ ಮೂವರಲ್ಲಿ ತೀರಾ ಕಡಿಮೆ ಸದ್ದು ಮಾಡುವವನು ಅವನೇ.

ಲೈಸೆನ್ಸು ಸಿಕ್ಕ ಮೇಲೂ ಇವರು ಬರುವುದು ನಿಲ್ಲಿಸಲಿಲ್ಲ. ಕತ್ತರಿಗೆ ಗುರುವಾರ ಅಂಗಡಿ ರಜ. ಹಲ್ಲು ಡಾಕ್ಟರು ಆ ಹೊತ್ತಿಗೆ ರೋಗಿಗಳನ್ನು ಹಾಕಿಕೊಳ್ಳುತ್ತಿರಲಿಲ್ಲ. ಸೈರನ್ ಪಾಳಿ ಬದಲಾಯಿಸಿಕೊಂಡು ಬರುತ್ತಿದ್ದ. ಕಾಲು ಅಲುಗಾಡುವ ಊಟದ ಮೇಜಿನ ಸುತ್ತ ಕೂತು ಇಸ್ಪೀಟಾಡುತ್ತಿದ್ದರು. ಕತ್ತರಿ ನಡುನಡುವೆ ಎದ್ದು ಬ್ರೇಕಮ್ಮನ ತಲೆಗೂದಲನ್ನು ಇಷ್ಟಿಷ್ಟೇ ಕತ್ತರಿಸುತ್ತಿದ್ದ, ಅವಳ ಎಲೆಗಳನ್ನು ಇಣುಕಿ ನೋಡಲು ಅದೊಂದು ನೆಪ. ಹಲ್ಲು ಡಾಕ್ಟರು ತನ್ನ ಪ್ರೇಮಪ್ರಕರಣಗಳನ್ನು ವರದಿ ಮಾಡುತ್ತಿದ್ದ. "ಅವಳು ಬಿಟ್ಟುಹೋದ್ಲು" ಎಂದು ಅವನು ಮುಖ ಬಾಡಿಸಿದರೆ ಬ್ರೇಕಮ್ಮ, "ನಾನಾಗಿದ್ರೆ ಹೋದ ತಿಂಗಳೇ ಬಿಡ್ತಿದ್ದೆ, ಇಸ್ಪೀಟ್ ಹಾಕು" ಎನ್ನುತ್ತಿದ್ದಳು. ಅವನು ಅಳುವುದನ್ನು ಬಿಟ್ಟು ನಗುತ್ತಿದ್ದ.

ಗೆಳತಿಯರಿರಲಿಲ್ಲ ಎಂದಲ್ಲ. ಆದರೆ ಅವರೊಂದಿಗಿನ ಮಾತು ಮಂಡಿಯಲ್ಲಿ ಶುರುವಾಗಿ, ಸಕ್ಕರೆ ಕಾಯಿಲೆಗೆ ಹತ್ತಿ, ಸೊಸೆಯ ಮೇಲೆ ಒಂದು ಸುತ್ತು ಹೊಡೆದು, ಯಾರು ಸತ್ತರು ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಯಾವ ದಾರಿಯಲ್ಲಿ ಹೋದರೂ ಕೊನೆಯ ನಿಲ್ದಾಣ ಸ್ಮಶಾನವೇ. ಈ ಮೂವರ ಜೊತೆ ಎಲ್ಲಿಗೆ ಮುಟ್ಟುತ್ತೇವೆಂದು ಗೊತ್ತಿರುತ್ತಿರಲಿಲ್ಲ. ಜೊತೆಗೆ, ಮೂವರೂ ನೋಡಲು ಚೆನ್ನಾಗಿದ್ದರು. ಅದನ್ನು ಅವಳು ಬಾಯಿಬಿಟ್ಟು ಹೇಳುತ್ತಿದ್ದಳು. ಮುಚ್ಚಿಡುವುದಕ್ಕೆ ಅವಳಿಗೆ ಸಮಯವೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

"ಅಮ್ಮಾ, ಅವರು ನಿನ್ನ 'ನೀನು' ಅಂತಾರೆ!" ಮಗಳು ಸೋಫಾದ ತುದಿಯಲ್ಲಿ ಕೂತು ಸಿಡಿದಳು.

"ನೀನೂ ಹಾಗೇ ಅಂತೀಯ."

"ನಾನು ಮಗಳು!"

"ಅವರು ಸ್ನೇಹಿತರು. ನೀನು ಹುಟ್ಟಿ ಬಂದೆ, ಏನ್ ಬಂತೋ ಅದನ್ನ ಸಾಕಿದೆ. ಅವರನ್ನ ನಾನೇ ಆರಿಸ್ಕೊಂಡಿದ್ದು."

ಮಗಳ ಮುಖ ಸಣ್ಣದಾಯಿತು. ಬ್ರೇಕಮ್ಮ ಅದನ್ನು ನೋಡಿದಳು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಗೇರು ಅವಳಲ್ಲಿರಲಿಲ್ಲ.

"ಜನ ಏನಂತಾರೆ ಅಂತ ಯೋಚ್ನೆ ಮಾಡಿದ್ಯಾ?"

"ಎಪ್ಪತ್ತೊಂದನೇ ವಯಸ್ಸಲ್ಲಿ ನನ್ನ ಬಗ್ಗೆ ಜನ ಹಾಗೆಲ್ಲ ಅಂತಾರೆ ಅಂದ್ರೆ ಅದನ್ನ ಪೇಪರಲ್ಲಿ ಹಾಕಿಸ್ಬೇಕು."

"ನಿನ್ ವಯಸ್ಸಿನೋರ ಜೊತೆ ಸ್ನೇಹ ಮಾಡು. ಮೇಲ್ಗಡೆ ಹೆಡ್‌ಮಾಸ್ಟರಿಲ್ವಾ?"

ಮಗಳ ಸಮಾಧಾನಕ್ಕೆಂದು ಬ್ರೇಕಮ್ಮ ಒಂದು ಸೋಮವಾರ ಮೇಲೆ ಹೋದಳು. ಹೆಡ್‌ಮಾಸ್ಟರು ಹದಿನೇಳು ವರ್ಷದ ರಕ್ತಪರೀಕ್ಷೆಯ ಚೀಟಿಗಳನ್ನು ವರ್ಷವಾರು ಕಡತದಲ್ಲಿ ಜೋಡಿಸಿಟ್ಟಿದ್ದರು. ಮೊದಲ ವರ್ಷದಿಂದ ತೋರಿಸತೊಡಗಿದರು. ಐದನೆಯ ವರ್ಷ ಮುಗಿಯುವ ಹೊತ್ತಿಗೆ ಅವಳು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಸುಳ್ಳು ಹೇಳಿ ಇಳಿದು ಬಂದಳು. "ಒಳ್ಳೇ ಮನುಷ್ಯ. ಆದ್ರೆ ಅವರ ಮೂತ್ರಪಿಂಡದ ಪರಿಚಯ ಆಯ್ತೇ ಹೊರತು ಅವರ ಪರಿಚಯ ಆಗ್ಲಿಲ್ಲ" ಎಂದು ಮಗಳಿಗೆ ಫೋನಿನಲ್ಲಿ ಹೇಳಿದಳು.

ಮುಂದಿನ ಗುರುವಾರ ಕತ್ತರಿಗೆ ಹೊಸ ಮಂಚ ನೋಡಬೇಕಿತ್ತು. ಅವನ ಮದುವೆ ಗೊತ್ತಾಗಿತ್ತು. ಇಸ್ಪೀಟು ಬಿಟ್ಟು ನಾಲ್ವರೂ ಬ್ರೇಕಮ್ಮನ ಹಳೆಯ ಕಾರಿನಲ್ಲಿ ಹೊರಟರು. ಓಡಿಸುವವಳು ಅವಳು, ಪಕ್ಕದಲ್ಲಿ ಸೈರನ್, ಹಿಂದೆ ಇಬ್ಬರು. ಮಂಚದ ವಿಷಯದಲ್ಲಿ ಅವಳು ಕೊಡುತ್ತಿದ್ದ ಸಲಹೆಗಳಿಗೆ ಕತ್ತರಿಯ ಕಿವಿ ಕೆಂಪಾಗಿತ್ತು, ಹಲ್ಲು ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಂಚೆ ಕಚೇರಿಯ ಹತ್ತಿರ ಎಡಕ್ಕೆ ತಿರುಗಿಸುವಾಗ ಕಾರು ಒಮ್ಮೆಲೇ ನಿಂತಿತು. ಎಲ್ಲರ ತಲೆಯೂ ಮುಂದಕ್ಕೆ ಹೋಗಿ ಬಂತು.

ನಿಲ್ಲಿಸಿದ್ದು ಬ್ರೇಕಮ್ಮ ಅಲ್ಲ. ಪಕ್ಕದ ಸೀಟಿನ ಬ್ರೇಕನ್ನು ಸೈರನ್ ಒತ್ತಿದ್ದ. ಎಡಗಡೆ, ಬಂಪರಿಗೆ ಒಂದು ಗೇಣು ದೂರದಲ್ಲಿ, ಸೈಕಲ್ಲಿನ ಹೆಂಗಸೊಬ್ಬಳು ಒಂದು ಕಾಲು ನೆಲಕ್ಕೂರಿ ನಿಂತಿದ್ದಳು. ಅವಳ ಬುಟ್ಟಿಯಿಂದ ಬಿದ್ದ ಟೊಮೇಟೊ ಹಣ್ಣುಗಳು ರಸ್ತೆಯಲ್ಲಿ ಉರುಳುತ್ತಿದ್ದವು. ಅವಳು ಬ್ರೇಕಮ್ಮನ ಕಡೆ ನೋಡಿ ಬಾಯಿಗೆ ಬಂದದ್ದೆಲ್ಲ ಬೈದಳು. ಬ್ರೇಕಮ್ಮ ಆ ತನಕ ಅವಳನ್ನು ಕಂಡೇ ಇರಲಿಲ್ಲ.

"ಅವಳೇ ಅಡ್ಡ ಬಂದ್ಲು" ಎಂದ ಹಲ್ಲು ಡಾಕ್ಟರು.

"ಹೌದೌದು, ನೋಡ್ಕೊಂಡು ಬರೋದಿಲ್ವಾ" ಎಂದ ಕತ್ತರಿ.

ಸೈರನ್ ಮಾತ್ರ ಬ್ರೇಕಮ್ಮನನ್ನೇ ನೋಡುತ್ತಿದ್ದ. "ಅಲ್ಲ. ನಿನಗೆ ಎಡಗಡೆ ಕಾಣ್ಸಲ್ಲ. ಮೂರು ತಿಂಗಳಿಂದ ನೋಡ್ತಿದೀನಿ. ಎಡಗಡೆ ಇಟ್ಟ ಲೋಟ ಪ್ರತಿ ಸಲ ಬೀಳಿಸ್ತೀಯ. ಇನ್ಮೇಲೆ ನೀನು ಕಾರು ಓಡಿಸ್ಬಾರ್ದು."

ಬ್ರೇಕಮ್ಮ ಮುಂದಿನ ಗಾಜನ್ನೇ ನೋಡುತ್ತ, ತಣ್ಣಗೆ ಹೇಳಿದಳು:

"ನೀವು ಇಲ್ಲೇ ಇಳೀಬಹುದು."

ಆರು ವರ್ಷದಲ್ಲಿ ಅವಳು ಅವನನ್ನು ಕತ್ತೆ, ಕೋಣ, ಕುರುಡುಗೂಬೆ ಎಂದೆಲ್ಲ ಕರೆದಿದ್ದಳು. 'ನೀವು' ಎಂದಿರಲಿಲ್ಲ. ಕೆನ್ನೆಗೆ ಹೊಡೆಸಿಕೊಂಡವನಂತೆ ಅವನು ಒಂದು ಕ್ಷಣ ಕೂತಿದ್ದು, ಬಾಗಿಲು ತೆಗೆದು ಇಳಿದ. ಬಗ್ಗಿ ಆ ಹೆಂಗಸಿನ ಟೊಮೇಟೊ ಆರಿಸಿಕೊಟ್ಟು, ಬಂದ ದಾರಿಯಲ್ಲೇ ನಡೆದು ಹೋದ. ಮಂಚ ನೋಡುವುದು ಅಂದು ಆಗಲಿಲ್ಲ. ಅಲ್ಲಿಂದ ಕಾರನ್ನು ಹಲ್ಲು ಡಾಕ್ಟರು ಓಡಿಸಿದ. ಕೇಳಿದರೆ ತನಗೆ ಓಡಿಸುವ ಆಸೆಯಾಯಿತು ಎಂದ.

ಮುಂದಿನ ಗುರುವಾರ ಸೈರನ್ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಉಳಿದ ಇಬ್ಬರು ಬಂದರು, ಆದರೆ ಗಾಜಿನ ಸಾಮಾನು ಹೊತ್ತವರ ಹಾಗೆ ಬಂದರು. ಅವಳು ಹೇಳಿದ್ದಕ್ಕೆಲ್ಲ ಹೂಂ ಎಂದರು. ಪರೀಕ್ಷೆ ಮಾಡಲೆಂದು ಅವಳು ತಪ್ಪು ಎಲೆ ಇಳಿಸಿದಳು, ಇಬ್ಬರೂ ಕಂಡೂ ಕಾಣದವರಂತೆ ಕೂತರು. "ಕೂದಲಿಗೆ ನೀಲಿ ಬಣ್ಣ ಹಾಕಿಸ್ಬೇಕು ಅಂತಿದೀನಿ" ಎಂದಳು. "ಚೆನ್ನಾಗಿರುತ್ತೆ" ಎಂದ ಕತ್ತರಿ, ಬಣ್ಣಗಳ ವಿಷಯದಲ್ಲಿ ಜನ್ಮದಲ್ಲೇ ಸುಳ್ಳು ಹೇಳದಿದ್ದವನು.

ಅವಳು ಇಸ್ಪೀಟನ್ನು ಮೇಜಿನ ಮೇಲೆ ಕುಕ್ಕಿದಳು. "ನೀವಿಬ್ರೂ ನನಗೆ ಮೊಮ್ಮಕ್ಕಳಾಗ್ತಿದೀರಿ. ಹೋಗಿ ಮನೆಗೆ."

ಮರುದಿನ ಯಾರಿಗೂ ಹೇಳದೆ, ಕಾರನ್ನೂ ತೆಗೆಯದೆ, ಬಸ್ಸು ಹತ್ತಿ ಕಣ್ಣಾಸ್ಪತ್ರೆಗೆ ಹೋದಳು. ಡಾಕ್ಟರು ಅವಳ ಮಗಳಿಗಿಂತ ಚಿಕ್ಕವಳು. ಬ್ರೇಕಮ್ಮನ ಗಲ್ಲವನ್ನು ಒಂದು ಯಂತ್ರದ ಮೇಲೆ ಇರಿಸಿ, ಕೈಗೆ ಒಂದು ಗುಂಡಿ ಕೊಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಒತ್ತಲು ಹೇಳಿದಳು. ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಲಯದಲ್ಲಿ ಬರುತ್ತಿವೆ ಎಂದು ಬ್ರೇಕಮ್ಮ ಬೇಗ ಪತ್ತೆ ಮಾಡಿದಳು. ಕಂಡರೂ ಕಾಣದಿದ್ದರೂ ಅದೇ ಲಯಕ್ಕೆ ಒತ್ತುತ್ತ ಹೋದಳು. ಎದ್ದು ಬಂದಾಗ ಪಾಸಾದವರ ಮುಖ ಮಾಡಿಕೊಂಡಿದ್ದಳು.

"ಅಮ್ಮಾ, ಹದಿನಾಲ್ಕು ಸಲ ಯಂತ್ರ ಲೈಟೇ ಹಾಕಿರ್ಲಿಲ್ಲ. ಆಗ್ಲೂ ಒತ್ತಿದೀರಿ" ಎಂದಳು ಡಾಕ್ಟರು.

"ಅದು ಮುಂದಾಲೋಚನೆ. ಡ್ರೈವರಿಗೆ ಅದಿರ್ಬೇಕು."

ಎರಡನೆಯ ಸಲ ಮೋಸವಿಲ್ಲದೆ ಮಾಡಿಸಿದರು. ಎಡಗಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ, ನೋಟದ ಅಂಚು ಸದ್ದಿಲ್ಲದೆ ಅಳಿಸಿಹೋಗಿತ್ತು. ಹೋದದ್ದು ಮತ್ತೆ ಬರುವುದಿಲ್ಲ, ದಿನವೂ ಹನಿ ಔಷಧಿ ಹಾಕಿಕೊಂಡರೆ ಉಳಿದದ್ದು ಉಳಿಯಬಹುದು ಎಂದಳು ಡಾಕ್ಟರು. ಕಾರಿನ ವಿಷಯ ಬ್ರೇಕಮ್ಮ ಕೇಳಲಿಲ್ಲ. ಡಾಕ್ಟರೇ ಹೇಳಿದಳು.

ಅಲ್ಲಿಂದ ಅವಳು ನೇರ ಆಂಬುಲೆನ್ಸುಗಳು ನಿಲ್ಲುವ ಅಂಗಳಕ್ಕೆ ಹೋದಳು. ಸೈರನ್ ತನ್ನ ಗಾಡಿಯ ಹಿಂಬಾಗಿಲು ತೆಗೆದು, ಒಳಗೆ ಬಗ್ಗಿ ನೆಲ ಒರೆಸುತ್ತಿದ್ದ. ಫಿನಾಯಿಲ್ ವಾಸನೆ ಗೇಟಿನವರೆಗೂ ಬರುತ್ತಿತ್ತು. ಅವನ ಜೊತೆಯವರಿಬ್ಬರು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ಏನ್ ಬೇಕಿತ್ತು ಮೇಡಂ?" ಎಂದ ಸೈರನ್, ಅವಳ ಕಡೆ ಒಮ್ಮೆ ನೋಡಿ ಮತ್ತೆ ಒರೆಸುತ್ತ.

"ಆಂಬುಲೆನ್ಸ್."

"ಯಾರಿಗೆ?"

"ನನಗೇ. ಮಾನ ಹೋಗಿದೆ, ಎಲ್ಲಾದ್ರೂ ಸೇರಿಸ್ಬೇಕು."

ಬೆಂಚಿನ ಮೇಲಿದ್ದವನೊಬ್ಬನಿಗೆ ಕಾಫಿ ನೆತ್ತಿಗೇರಿತು. ಸೈರನ್ ನಗಲಿಲ್ಲ, ಆದರೆ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಗಾಡಿಯ ಮೆಟ್ಟಿಲ ಮೇಲೆ ಕೂತ. ಅವಳೂ ಪಕ್ಕದಲ್ಲಿ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಹದಿನಾಲ್ಕು ಸಲ ಸುಳ್ಳು ಒತ್ತಿದ್ದನ್ನೂ ಬಿಡಲಿಲ್ಲ.

"ಮೂರು ತಿಂಗಳು ಯಾಕೋ ಬಾಯಿ ಮುಚ್ಕೊಂಡಿದ್ದೆ?"

"ಹೇಳಿದ್ರೆ ನನ್ನ ಓಡಿಸ್ಬಿಡ್ತೀಯ ಅಂತ."

"ಓಡಿಸ್ದೆ."

"ಹೂಂ." ಅವನು ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ವಾರದಲ್ಲಿ ಆ ಎರಡೂವರೆ ಗಂಟೆ ನನ್ನ ಮುಂದೆ ಯಾರೂ ಸಾಯ್ತಾ ಇರಲ್ಲ. ಅದನ್ನ ಕಳ್ಕೊಳ್ಳೋಕೆ ಹೆದರಿಕೆ ಆಯ್ತು. ಆಮೇಲೆ ಆ ಸೈಕಲ್ಲಿನೋಳನ್ನ ನೋಡ್ದೆ. ಇನ್ನೊಂದು ಗೇಣು ಆಗಿದ್ರೆ ಎತ್ಕೊಂಡು ಹೋಗೋಕೆ ನಾನೇ ಬರ್ಬೇಕಿತ್ತು."

ಅವಳು ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದಳು, ತಪ್ಪಾಯಿತು ಎನ್ನುವುದಕ್ಕೆ ಅವಳ ಭಾಷೆಯಲ್ಲಿ ಇದ್ದದ್ದು ಅದೊಂದೇ ಪದ.

"ಮುಂದಿನ ಗುರುವಾರ ನಾನೇ ಸತ್ತರೆ?"

"ಶುಕ್ರವಾರಕ್ಕೆ ಇಟ್ಕೋ" ಎಂದ ಸೈರನ್. "ಶುಕ್ರವಾರ ನನ್ನ ಡ್ಯೂಟಿ ಇದೆ."

ಹನಿ ಔಷಧಿಯ ಚೀಟಿ ಹಿಡಿದು ಅವಳು ಹೋಗಬೇಕಾಗಿದ್ದದ್ದು ಮಗಳ ಅಂಗಡಿಗೇ. ಸೈರನ್‌ನನ್ನು ನೋಡಿ ಬಂದೆ ಎನ್ನುತ್ತಲೇ ಚೀಟಿ ಕೊಟ್ಟಳು. ಮಗಳು ಅದನ್ನು ಓದಿದಳು. ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ.

"ಆ ಆಂಬುಲೆನ್ಸಿನವನಿಗೆ ಮೊದ್ಲು ಹೇಳಿದ್ಯಾ?"

"ಅವನೇ ನನಗೆ ಮೊದ್ಲು ಹೇಳಿದ್ದು."

"ನನಗೂ ಗೊತ್ತಿತ್ತು." ಮಗಳು ಬಾಟಲಿಯ ಮೇಲೆ ದಿನಕ್ಕೆಷ್ಟು ಸಲ ಎಂದು ಬರೆಯುತ್ತಿದ್ದಳು, ಅಕ್ಷರ ಸೊಟ್ಟಗಾಗುತ್ತಿತ್ತು. "ಹೋದ ವರ್ಷ ಗೇಟಿಗೆ ಕಾರಿನ ಎಡಗಡೆ ಕನ್ನಡಿ ಉಜ್ಜಿದ್ಯಲ್ಲ, ಆಗ್ಲೇ. ಹೇಳೋಕೆ ಎರಡು ಸಲ ಬಂದೆ. ನಿನ್ನ ಬಾಯಿಗೆ ಹೆದರಿ ವಾಪಸ್ ಹೋದೆ."

ಕೆಮ್ಮಿನ ಔಷಧಿಗೆ ಬಂದ ಗಿರಾಕಿಯೊಬ್ಬ ಇಬ್ಬರ ಮುಖ ನೋಡಿ ಪಕ್ಕಕ್ಕೆ ಸರಿದು ನಿಂತ. ನಲವತ್ತಾರು ವರ್ಷದ ಈ ಹೆಂಗಸು ತನ್ನೆದುರು ಎಷ್ಟು ಸಲ ಹೀಗೆ ಬಾಗಿಲ ತನಕ ಬಂದು ವಾಪಸ್ಸು ಹೋಗಿರಬಹುದು ಎಂದು ಬ್ರೇಕಮ್ಮ ಲೆಕ್ಕ ಹಾಕಲು ಹೋಗಿ ನಿಲ್ಲಿಸಿದಳು.

"ನಾನು ಅಷ್ಟು ಕೆಟ್ಟೋಳಾ?"

"ಕೆಟ್ಟೋಳಲ್ಲ. ಜೋರು."

"ಗುರುವಾರ ನಾಲ್ಕಕ್ಕೆ ಬಾ" ಎಂದಳು ಬ್ರೇಕಮ್ಮ. "ಹನಿ ಹಾಕೋಕೆ. ನನಗೆ ಕೈ ನಡುಗುತ್ತೆ."

ಅವಳ ಕೈ ನಡುಗುತ್ತಿರಲಿಲ್ಲ. ಮಗಳು ಬಂದಳು. ಹನಿ ಹಾಕಿ ಹೊರಡುತ್ತೇನೆಂದವಳು ಒಂದು ಆಟ ಕೂತಳು, ಆಮೇಲೆ ಮೂರು. ಕೊನೆಯ ಆಟದಲ್ಲಿ ಎಲೆ ಬಚ್ಚಿಟ್ಟದ್ದನ್ನು ಹಲ್ಲು ಡಾಕ್ಟರು ಹಿಡಿದಾಗ ಕೆಂಪಾಗಿ, "ಇದು ವಂಶದ ರೋಗ" ಎಂದಳು. ಮೇಲಿನ ಮಹಡಿಗೂ ಕೇಳುವಂತೆ ಐವರೂ ನಕ್ಕರು.

ತಿಂಗಳ ಕೊನೆಗೆ ಬ್ರೇಕಮ್ಮ ಕಾರನ್ನು ತನ್ನ ಹಳೆಯ ಶಿಷ್ಯೆಯೊಬ್ಬಳ ಡ್ರೈವಿಂಗ್ ಶಾಲೆಗೆ ಕೊಟ್ಟಳು. ಅದು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಗೇಟಿನಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ಚೆನ್ನಾಗಿ ಅತ್ತಳು. ಹೊರಗೆ ಬಂದಾಗ ಯಾರೂ ಕೇಳದಿದ್ದರೂ, "ಹನಿ ಔಷಧಿ, ಕಣ್ಣು ಉರಿಯುತ್ತೆ" ಎಂದು ಗೋಡೆಗೆ ಹೇಳಿದಳು.

ಮರುವಾರ ಮಂಚ ನೋಡಲು ಬಸ್ಸಿನಲ್ಲಿ ಹೋದರು. ಕೊನೆಯ ಸಾಲಿನಲ್ಲಿ ನಾಲ್ವರೂ ಒತ್ತೊತ್ತಾಗಿ ಕೂತರು. ಮಗಳಿಗೆ ಅಂಗಡಿ ಬಿಡಲಾಗಿರಲಿಲ್ಲ. ಇವರ ಗಲಾಟೆಗೆ ಎದ್ದು ಬಂದ ಕಂಡಕ್ಟರು, "ಅಮ್ಮಾ, ನಿಮ್ಮ ಮಕ್ಕಳಿಗೆ ಸ್ವಲ್ಪ ಬುದ್ಧಿ ಹೇಳ್ಬಾರ್ದಾ?" ಎಂದ.

"ಮೂರು ಇಂಥವನ್ನ ಹೆರೋ ಅಷ್ಟು ಪಾಪ ಮಾಡಿಲ್ಲಪ್ಪ" ಎಂದಳು ಬ್ರೇಕಮ್ಮ. ಕತ್ತರಿ ತನ್ನ ಮದುವೆಗೆ ಕಂಡಕ್ಟರನ್ನೂ ಕರೆದ. ಆ ಮಾತಿನ ನಡುವೆ ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಮುಂದಿನದರಲ್ಲಿ ಇಳಿದು, ತಪ್ಪು ಯಾರದು ಎಂದು ಜಗಳವಾಡುತ್ತ, ಬಿಸಿಲಲ್ಲಿ ಹಿಂದಕ್ಕೆ ನಡೆದರು.