ಮಂಗಳವಾರದ ಕೂಸುಗಳು

ಘಾನಾ ದೇಶದ ಕುಮಾಸಿಯ ಆ ಹೆರಿಗೆ ಆಸ್ಪತ್ರೆಯಲ್ಲಿ ಅವತ್ತು ಮೂರು ಗಂಟೆಗೆ ಸಿಸ್ಟರ್ ದುಫಿಯ ವಿಚಾರಣೆ. ಮೂವತ್ತೊಂದು ವರ್ಷ ಹೆರಿಗೆ ಮಾಡಿಸಿದವಳನ್ನು ಹೆರಿಗೆ ಕೋಣೆಯಿಂದಲೇ ಎತ್ತಂಗಡಿ ಮಾಡುವ ಮಾತು. ಆಸ್ಪತ್ರೆಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟ ಸೆರ್ವಾ ಬೆಳಿಗ್ಗೆ ಗಂಜಿಯ ಬಟ್ಟಲನ್ನು ಹಾಗೇ ಬಿಟ್ಟೆದ್ದಳು. ಉಣ್ಣುವುದಾದರೂ ಹೇಗೆ? ಬೆಂಕಿ ಹಚ್ಚಿದವಳು ಅವಳೇ.

ಆದದ್ದಿಷ್ಟು. ಪ್ರೋಗ್ರಾಂ ಅಚ್ಚು ಹಾಕಿಕೊಡುವ ಜನನ ಚೀಟಿಗಳಲ್ಲಿ ನಾಲ್ಕು ಕೂಸುಗಳ ವಾರ ತಪ್ಪಾಗಿತ್ತು. ಆ ಊರಲ್ಲಿ ಕೂಸಿಗೆ ಹುಟ್ಟಿದ ವಾರದಿಂದಲೇ ಹೆಸರು. ಒಬ್ಬ ಅಜ್ಜಿಯಂತೂ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿ ಕೂಗಾಡಿದ್ದಳು: "ಮಂಗಳವಾರ ಹುಟ್ಟಿದ ಗಂಡು ಕ್ವಾಬೆನಾ! ನಿಮ್ಮ ಚೀಟೀಲಿ ಬುಧವಾರ ಅಂತೆ, ಕ್ವಾಕು ಅಂತೆ! ಹುಟ್ಟಿದ ವಾರಾನೇ ಕಿತ್ಕೊಂಡ್ರೆ ಕೂಸಿಗೆ ಇನ್ನೇನು ಉಳೀತು?"

ನಾಲ್ಕೂ ದುಫಿಯ ಸಂಜೆ ಪಾಳಿಯಲ್ಲೇ ಹುಟ್ಟಿದವು. ಒಂಬತ್ತು ದಿನದ ಹಿಂದಿನ ಸಭೆಯಲ್ಲಿ ಸೆರ್ವಾ ಎದೆಯುಬ್ಬಿಸಿ, "ಪ್ರೋಗ್ರಾಂ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳುತ್ತೆ ಸರ್. ಇನ್ನೂರ ಹನ್ನೆರಡು ಪರೀಕ್ಷೆ, ಎಲ್ಲಾ ಪಾಸು, ಎಲ್ಲಾ ಹಸಿರು. ತಪ್ಪು ಚೀಟಿ ತುಂಬಿದ ಮನುಷ್ಯರದ್ದೇ," ಎಂದಿದ್ದಳು. ದುಫಿ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆ ನೋಟ ಸೆರ್ವಾಳನ್ನು ಅಂದಿನಿಂದ ಕೊರೆಯುತ್ತಲೇ ಇತ್ತು.

ತಡೆಯಲಾರದೆ ವಿಚಾರಣೆಯ ದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಎತ್ತಿಕೊಂಡು ಆಸ್ಪತ್ರೆಗೆ ಬಂದಳು. ಹೆರಿಗೆ ಕೋಣೆಯ ಕಂಪ್ಯೂಟರಿನಲ್ಲಿ ಗಡಿಯಾರ ನಿಮಿಷದಷ್ಟೂ ತಪ್ಪಿರಲಿಲ್ಲ. ಆದರೆ ಯಾವ ಪ್ರದೇಶ ಎಂದು ಕೇಳುವ ಜಾಗದಲ್ಲಿ ಅಮೆರಿಕದ ಪಶ್ಚಿಮ ಕರಾವಳಿ!

"ಇದನ್ನ ಯಾರು ಹೀಗಿಟ್ಟಿದ್ದು, ಒಪೊಕು ಅಣ್ಣಾ?"

ಉಗ್ರಾಣದ ಗುಮಾಸ್ತ ಒಪೊಕು ತಲೆ ಕೆರೆದುಕೊಂಡ. "ದಾನ ಬಂದ ಮೆಷಿನ್ ಕಣಮ್ಮ. ಟೈಮು ಏಳೆಂಟು ಗಂಟೆ ಹಿಂದೆ ಓಡ್ತಿತ್ತು. ಕೈಯಲ್ಲೇ ಮುಂದಕ್ಕೆ ತಳ್ಳಿ ಸರಿ ಮಾಡ್ದೆ. ಯಾಕೆ, ಈಗ ನನ್ನ ತಲೆಗೆ ಕಟ್ತೀಯಾ?"

ಸೆರ್ವಾ ಬೆರಳು ಮಡಚಿ ಗಂಟೆ ಎಣಿಸಿದಳು. ಅವಳ ಪ್ರೋಗ್ರಾಂ ವಾರವನ್ನು ಗ್ರೀನಿಚ್ ವೇಳೆಯಲ್ಲಿ ಎಣಿಸುತ್ತಿತ್ತು. ಘಾನಾದ ವೇಳೆಯೂ ಅದೇ. ಇಲ್ಲಿ ಹುಟ್ಟಿ ಬೆಳೆದವರಿಗೆ ಎರಡರ ನಡುವೆ ಅಂತರ ಇರಬಹುದೆಂದು ಹೊಳೆಯುವುದೇ ಇಲ್ಲ. ತಾನು ಅಮೆರಿಕದಲ್ಲಿದ್ದೇನೆಂದು ನಂಬಿದ ಮೆಷಿನ್ ಮಾತ್ರ ಸಂಜೆಯ ಹೊತ್ತಿಗೆ ಏಳೆಂಟು ಗಂಟೆ ಕೂಡಿಸಿ, ಗ್ರೀನಿಚ್ಚಿನಲ್ಲಿ ಆಗಲೇ ಮಾರನೆಯ ದಿನ ಎನ್ನುತ್ತಿತ್ತು.

ಒಪೊಕುವಿನ ತಲೆಗೆ ಕಟ್ಟುವುದು ಸುಲಭವಿತ್ತು. ಸುಳ್ಳೇಕೆ, ಒಂದು ಗಳಿಗೆ ಅವಳಿಗೂ ಆಸೆಯಾಯಿತು. ಆದರೆ ಇನ್ನೂರ ಹನ್ನೆರಡು ಪರೀಕ್ಷೆಗಳು ಏನು ನಿದ್ದೆ ಮಾಡುತ್ತಿದ್ದವೇ?

ಬೇರೆ ದೇಶದಲ್ಲಿದ್ದಂತೆ ನಟಿಸುವ ಒಂದು ಸಾಲು ಸೇರಿಸಿ ಹೊಸ ಪರೀಕ್ಷೆ ಬರೆದಳು. ಅವಳ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅದು ಕೆಂಪಾಯಿತು, ತಪ್ಪು ಸಿಕ್ಕಿತು. ಅದನ್ನೇ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಓಡಿಸಿದರೆ ಹಸಿರು! ಆ ಸಾಲು ಲಿನಕ್ಸಿಗೆ ಮಾತ್ರ ಅರ್ಥವಾಗುವಂಥದ್ದು, ವಿಂಡೋಸಿನಲ್ಲಿ ಅದಕ್ಕೆ ಕಿಮ್ಮತ್ತೇ ಇಲ್ಲ.

"ಥೂ, ನನ್ನ ಪರೀಕ್ಷೆಗೆ ನಮ್ಮನೆ ಮಾತು ಬಿಟ್ರೆ ಬೇರೆ ಬರೋದೇ ಇಲ್ವಲ್ಲಾ," ಎಂದು ತನ್ನನ್ನೇ ಬೈದುಕೊಂಡಳು.

ಮೆಷಿನ್ನನ್ನು ವೇಳೆ ಕೇಳುವುದನ್ನೇ ಬಿಟ್ಟು, ಗಂಟೆಯನ್ನೂ ಪ್ರದೇಶವನ್ನೂ ಪರೀಕ್ಷೆಯೇ ಪ್ರೋಗ್ರಾಂನ ಕೈಗಿಡುವಂತೆ ಪರೀಕ್ಷೆಗಳನ್ನೆಲ್ಲ ತಿದ್ದಿದಳು. ಎರಡೂವರೆಗೆ ಲಿನಕ್ಸಿನಲ್ಲೂ ವಿಂಡೋಸಿನಲ್ಲೂ ಒಂದೇ ಉತ್ತರ ಬಂತು: ಕೆಂಪು, ತಪ್ಪು ಪ್ರೋಗ್ರಾಂನದ್ದೇ. ಕೆಂಪು ನೋಡಿ ಇಷ್ಟು ಹಿಗ್ಗಿದ್ದು ಅವಳ ಜನ್ಮದಲ್ಲೇ ಮೊದಲು.

ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತು ಕಂಡದ್ದನ್ನೆಲ್ಲ ಹೇಳಿದಳು. ಆಡಳಿತಾಧಿಕಾರಿ ಹುಬ್ಬು ಗಂಟಿಕ್ಕಿದ. "ಎಲ್ಲಾ ಹಸಿರು ಅಂದಿದ್ದು ನೀನೇ ತಾನೆ?"

"ನನ್ನ ಲ್ಯಾಪ್‌ಟಾಪಲ್ಲಿ ಹಸಿರಾಗಿತ್ತು ಸರ್. ಹೆರಿಗೆ ಆಗೋದು ಅದರಲ್ಲಲ್ವಲ್ಲ. ಒಪೊಕು ಅಣ್ಣಂದೂ ಅಲ್ಲ, ಸಿಸ್ಟರದ್ದೂ ಅಲ್ಲ. ತಪ್ಪು ನನ್ನದು."

ದುಫಿ ಸಮವಸ್ತ್ರದ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದಳು.

"ಇವತ್ತು ಕೊಟ್ಬಿಡೋಣ ಅಂತ ರಾಜೀನಾಮೆ ಬರ್ಕೊಂಡು ಬಂದಿದ್ದೆ ಮಗಳೇ. ನೀನು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ನನಗೇ ನನ್ನ ಮೇಲೆ ನಂಬಿಕೆ ಹೋಯ್ತು. ಅರಳುಮರಳು ಶುರುವಾಯ್ತೇನೋ ಅಂದ್ಕೊಂಡೆ. ಒಂಬತ್ತು ದಿನದಿಂದ, ಹೆತ್ತು ಸುಸ್ತಾಗಿ ಮಲಗಿರೋ ಒಬ್ಬೊಬ್ಬಳನ್ನೂ ಎಬ್ಬಿಸಿ ಕೇಳ್ತಿದ್ದೆ: ಅಮ್ಮಾ, ಇವತ್ತು ಯಾವ ವಾರ?"

ಸೆರ್ವಾ ಹೋಗಿ ದುಫಿಯ ಕೈಗಳನ್ನು ಹಿಡಿದುಕೊಂಡು ಎಲ್ಲರೆದುರೇ ಅತ್ತುಬಿಟ್ಟಳು.