ಗಟ್ಟಿಮೇಳದ ಹೊತ್ತಿಗೆ ಎದ್ದು ಹೋದವನು

ನಾನೊಂದು ಡೋಲು. ಮದುವೆ ಮನೆಯಲ್ಲಿ ನಾಗಸ್ವರದ ಪಕ್ಕ ಕೂತು ಹೊಡೆಸಿಕೊಳ್ಳುವವನು. ಮೆಲ್ಲಗೆ ಮಾತಾಡಿ ನನಗೆ ಅಭ್ಯಾಸವಿಲ್ಲ, ಆದ್ದರಿಂದ ಈ ಕಥೆಯನ್ನೂ ಗಟ್ಟಿಯಾಗಿಯೇ ಹೇಳುತ್ತೇನೆ. ಯಾರೂ ಗಟ್ಟಿಯಾಗಿ ಹೇಳದೇ ಇದ್ದದ್ದರಿಂದಲೇ ಒಂದು ಸಂಸಾರ ಇಷ್ಟೊಂದು ನೊಂದಿತು.

ಒಂದು ಹಲಸಿನ ಬೊಡ್ಡೆಯನ್ನು ಕೊರೆದು, ಒಳಗನ್ನು ಟೊಳ್ಳು ಮಾಡಿ, ಎರಡು ಕಡೆಗೂ ಚರ್ಮ ಬಿಗಿದು ನನ್ನನ್ನು ಮಾಡಿದರು. ಮೊದಲು ನನ್ನನ್ನು ನುಡಿಸಿದವರು ದೊಡ್ಡರಂಗಯ್ಯ. ಅವರು ಕೈಲಾಗದೆ ಕೂತ ಮೇಲೆ ಮಗ ಗವಿರಂಗಪ್ಪನ ತೊಡೆಗೆ ಬಂದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯ ಬೆರಳುಗಳಿಗೆ ಗಟ್ಟಿ ಗವಸು. ಅವನು ಚಕ್ಕಳಮಕ್ಕಳ ಹಾಕಿ ಕೂತರೆ ನಾನು ಅವನ ಹೊಟ್ಟೆಗೆ ಒರಗಿಕೊಂಡಿರುತ್ತಿದ್ದೆ. ಹಾಗಾಗಿ ಆ ಹೊಟ್ಟೆಯ ವಿಷಯ ಡಾಕ್ಟರುಗಳಿಗಿಂತ ಮೊದಲು ನನಗೆ ಗೊತ್ತಾಯಿತು.

ನನ್ನ ಮುಖ್ಯ ಕೆಲಸ ಗಟ್ಟಿಮೇಳ. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಾರೆ. ಯಾರದೋ ಸೀನು, ಮಗುವಿನ ಅಳು, ಅಪಶಕುನದ ಮಾತು ಯಾವುದೂ ಮದುಮಕ್ಕಳ ಕಿವಿಗೆ ಬೀಳದ ಹಾಗೆ ಆಗ ನಾನು ಅಬ್ಬರಿಸಬೇಕು. ಕೆಟ್ಟ ಸದ್ದನ್ನು ಮುಚ್ಚುವವನು ಎಂಬ ಜಂಬ ನನಗೆ ಬಹಳ ಇತ್ತು.

ಒಂಬತ್ತು ವರ್ಷದ ಹಿಂದೆ ಒಂದು ಮದುವೆಯಲ್ಲಿ ಊಟ ಕೆಟ್ಟಿತ್ತು. ಉಂಡ ಮೂವತ್ತು ಜನಕ್ಕೂ ವಾಂತಿ, ಭೇದಿ. ಎರಡು ದಿನಕ್ಕೆ ಎಲ್ಲರೂ ಎದ್ದು ಓಡಾಡಿದರು. ಗವಿರಂಗಪ್ಪನ ಹೊಟ್ಟೆ ಮಾತ್ರ ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಒಂದು ವಾರ ಹೊಟ್ಟೆ ಉಬ್ಬರಿಸಿ ಬಿಗಿಯುವುದು, ಮುಂದಿನ ವಾರ ದಿನಕ್ಕೆ ಏಳೆಂಟು ಸಲ ಓಡುವುದು. ಮುಹೂರ್ತ ಹತ್ತಿರವಾದಷ್ಟೂ ನನ್ನ ಮಗ್ಗುಲಿಗೆ ಗುಡುಗುಡು ಜೋರಾಗುತ್ತಿತ್ತು. ಅವನ ಬೆವರು ನನ್ನ ಚರ್ಮದ ಮೇಲೆ ತೊಟ್ಟಿಕ್ಕುತ್ತಿತ್ತು.

ಅವನು ಮದುವೆಯ ದಿನ ಊಟ ಬಿಟ್ಟ. ಪಾಯಸ ಬೇಡವೆಂದರೆ ಮನೆಯವರಿಗೆ ಕೋಪ. ಯಾವ ಛತ್ರಕ್ಕೆ ಹೋದರೂ ನನ್ನನ್ನು ಇಳಿಸುವ ಮೊದಲು ಕಕ್ಕಸು ಎಲ್ಲಿದೆ, ಬೀಗ ಹಾಕಿದ್ದಾರೋ, ನೀರು ಬರುತ್ತದೋ ಎಂದು ನೋಡಿ ಬರುತ್ತಿದ್ದ. ಯಾರಾದರೂ ಎಲ್ಲಿಗೆ ಹೋಗಿದ್ದೆ ಎಂದರೆ "ಫೋನ್ ಬಂದಿತ್ತು" ಎನ್ನುತ್ತಿದ್ದ.

ಮದ್ದು ಮಾಡದೆ ಇರಲಿಲ್ಲ. ಹೆಂಡತಿ ಯಶೋದಮ್ಮ ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿದಳು. ಒಬ್ಬ ಅಜ್ಜಿ ಬಟ್ಟಿ ಜಾರಿದೆ, ಹೊಕ್ಕುಳು ಜಾಗ ಬಿಟ್ಟಿದೆ ಎಂದು ಅದರ ಸುತ್ತ ಎಣ್ಣೆ ಹಾಕಿ ಅವನು ಅರಚುವ ತನಕ ನೀವಿದಳು. ಇನ್ನೊಬ್ಬ, ಯಾರೋ ಮದುವೆ ಊಟದಲ್ಲಿ ಕೈಮದ್ದು ಹಾಕಿದ್ದಾರೆ ಎಂದು ಹೇಳಿ ಮೂರು ದಿನ ವಾಂತಿ ಮಾಡಿಸಿದ. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋಗಿ ರಕ್ತ, ಮಲ, ಸ್ಕ್ಯಾನಿಂಗ್, ಕರುಳಿಗೆ ಕೊಳವೆ ಬಿಟ್ಟು ನೋಡುವುದು, ಎಲ್ಲಾ ಆಯಿತು. ಅಲ್ಲಿನ ಡಾಕ್ಟರು ಕಾಗದ ತಿರುವಿ, "ಎಲ್ಲ ನಾರ್ಮಲ್. ಸುಮ್ಮನೆ ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದರಂತೆ.

ಅವತ್ತು ಮನೆಗೆ ಬಂದವನು ನನ್ನ ಪಕ್ಕ ಗೋಡೆಗೆ ಒರಗಿ ಕೂತ. ರಿಪೋರ್ಟಿನ ಕವರು ಕೈಯಲ್ಲೇ ಇತ್ತು.

"ಏನಾದ್ರೂ ಒಂದು ಬಂದಿದ್ರೆ ಚೆನ್ನಾಗಿತ್ತು ಕಣೇ, ಯಶೋದಾ. ಒಂದು ಹುಣ್ಣೋ, ಗಂಟೋ. ಏನೂ ಇಲ್ಲ ಅಂತಾರಲ್ಲ, ಮತ್ತೆ ಇದೇನು?" ಎಂದು ಅತ್ತ. ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಚರ್ಮ ಸಡಿಲವಾದರೆ ಬೆಂಕಿಗೆ ಹಿಡಿದು, ವಾರು ಬಿಗಿದು ಸರಿಮಾಡಿಬಿಡುತ್ತಾನೆ. ಅವನನ್ನು ಸರಿಮಾಡಲು ನನಗೆ ಕೈಯಾದರೂ ಎಲ್ಲಿದೆ? ಸಂಕಟವಾಯಿತು.

ಆಮೇಲೆ ಆ ಮದುವೆ ಬಂತು. ಛತ್ರದ ಕಕ್ಕಸಿಗೆ ಬೀಗ. ಬೀಗದ ಕೈ ಬೀಗರಲ್ಲಿ ಯಾರದೋ ಜೇಬಿನಲ್ಲಿ. ಗವಿರಂಗಪ್ಪ ತಡೆದ, ತಡೆದ, ಕೊನೆಗೆ ನನ್ನನ್ನು ನೆಲಕ್ಕಿಟ್ಟು ಹಿಂದಿನ ಬಾಗಿಲಿಂದ ಬಯಲಿಗೆ ಓಡಿದ. ಅಷ್ಟರಲ್ಲಿ ಪುರೋಹಿತರು "ಗಟ್ಟಿಮೇಳ" ಎಂದರು. ನಾನು ನೆಲದ ಮೇಲೆ ಮೂಕನಂತೆ ಬಿದ್ದಿದ್ದೆ. ನಾಗಸ್ವರ ಒಂದೇ ಒರಲಿತು. ಅದು ಉಸಿರು ತೆಗೆದುಕೊಂಡ ಗಳಿಗೆಗೆ ಸರಿಯಾಗಿ ಹುಡುಗಿಯ ಕಡೆಯ ಮುದುಕರೊಬ್ಬರು ಇಡೀ ಛತ್ರಕ್ಕೆ ಕೇಳುವಂತೆ ಸೀನಿದರು.

ಗಲಾಟೆ ಕೇಳಬೇಕೆ! ಗವಿರಂಗಪ್ಪ ಬಿಳಿಚಿಕೊಂಡು, ತೂರಾಡುತ್ತಾ ಬಂದ. "ಮುಹೂರ್ತದ ಹೊತ್ನಲ್ಲಿ ಕುಡಿಯಕ್ಕೆ ಹೋಗಿದ್ನಾ ಇವ್ನು?" ಎಂದು ಯಾರೋ ಕೂಗಿದರು. ಅವನು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಭೇದಿ ಎನ್ನುವುದಕ್ಕಿಂತ ಕುಡುಕ ಎನಿಸಿಕೊಳ್ಳುವುದೇ ವಾಸಿ ಎಂದುಕೊಂಡನಲ್ಲ, ಅಲ್ಲೇ ಅವನು ತಪ್ಪಿದ್ದು. ಮೇಳದ ಯಜಮಾನ ಲಕ್ಷ್ಮೀಪತಿ, ಯಶೋದಮ್ಮನ ತಮ್ಮ. ಕಾಯಿಲೆಯ ವಿಷಯ ಅವನಿಗೂ ಮುಚ್ಚಿಟ್ಟಿದ್ದರು, ಹಾಗಾಗಿ ಅವನೂ ಅದನ್ನೇ ನಂಬಿದ. "ಸ್ವಲ್ಪ ದಿನ ಮನೇಲಿರು ಭಾವ" ಎಂದು ಬೇರೆಯವನನ್ನು ಕರೆದುಕೊಂಡ. ನಾನು ಮೂಲೆ ಸೇರಿದೆ.

ಸುದ್ದಿ ಸುಮ್ಮನೆ ಇರುತ್ತದೆಯೇ? ಮಗಳು ರಂಜಿನಿಯನ್ನು ನೋಡಲು ಗಂಡಿನವರು ಬಂದಾಗ, ಹುಡುಗನ ದೊಡ್ಡಪ್ಪ ಕೇಸರಿಬಾತು ಮುಟ್ಟುವ ಮೊದಲೇ ಕೇಳಿದರು.

"ಬೇಜಾರ್ ಮಾಡ್ಕಬ್ಯಾಡಿ. ನೀವು ಸ್ವಲ್ಪ ತಗಂತೀರಂತೆ?"

ಗವಿರಂಗಪ್ಪ ಮಗಳ ಮುಖ ನೋಡಿದ.

"ಇಲ್ಲ ಸ್ವಾಮಿ. ಒಂದು ತೊಟ್ಟು ಕುಡಿದೋನಲ್ಲ. ನಂಗೆ ಹೊಟ್ಟೆ ಕಾಯ್ಲೆ. ತಡ್ಕಳಕ್ಕಾಗಲ್ಲ, ಎದ್ದು ಓಡಬೇಕಾಯ್ತದೆ. ಹೇಳಕ್ಕೆ ನಾಚ್ಕೆ ಆಗಿ ಜನ ಅಂದಿದ್ದು ಅನ್ಲಿ ಅಂತ ಬಿಟ್ಟಿದ್ದೆ."

ದೊಡ್ಡಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಕುಡಿತ ಆಗಿದ್ರೆ ಬಿಡಿಸ್ಬೋದಿತ್ತು. ಇದು ಮನೆತನದಾಗೆ ಬರೋದಾ?" ಎಂದರು. ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು. ಅವರು ಹೊರಟುಹೋದರು.

ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಇದು. ಗವಿರಂಗಪ್ಪ ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಮೂರನೆಯ ದಿನ ರಂಜಿನಿ ಅವನನ್ನು ಎಬ್ಬಿಸಿ, ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಅವನು ಬಾಯಿ ಬಿಡದಿದ್ದಾಗ ಎಲ್ಲವನ್ನೂ ತಾನೇ ಹೇಳಿದಳಂತೆ. ಮನೆಗೆ ಬಂದು ಅಮ್ಮನಿಗೆ ಒಪ್ಪಿಸಿದ್ದನ್ನು ನಾನು ಮೂಲೆಯಿಂದ ಕೇಳಿದೆ.

"ಇದಕ್ಕೆ ಐಬಿಎಸ್ ಅಂತಾರಂತೆ ಅಮ್ಮ, ಕರುಳು ಆಗಾಗ ಕೆರಳೋ ಕಾಯ್ಲೆ. ಸ್ಕ್ಯಾನಿಂಗ್‌ನಲ್ಲಿ ಕಾಣ್ಸಲ್ಲ, ಹಂಗಂತ ಸುಳ್ಳಲ್ಲ ಅಂದ್ರು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ, ಹತೋಟಿಗೆ ತರ್ಬೋದು ಅಂದ್ರು. ಏನು ತಿಂದ್ರೆ ಬರುತ್ತೆ ಅಂತ ದಿನಾ ಬರೀಬೇಕು."

ಮಾತ್ರೆ, ಪಥ್ಯ, ಬರೆಯುವುದು. ದಿನಕ್ಕೆ ಏಳೆಂಟು ಸಲ ಓಡುವುದು ಎರಡು ಮೂರು ಸಲಕ್ಕೆ ಇಳಿಯಿತು. ಆದರೆ ಮುಹೂರ್ತದ ಭಯ ಮಾತ್ರ ಹೋಗಲಿಲ್ಲ. ರಂಜಿನಿ ಸೋದರಮಾವನ ಹತ್ತಿರ ಹೋಗಿ, ಅಪ್ಪನನ್ನು ಮತ್ತೆ ಕರೆದುಕೋ, ಅವನು ಎದ್ದರೆ ತಾನು ಕೂತು ಬಾರಿಸುತ್ತೇನೆ ಎಂದಳು. ಚಿಕ್ಕಂದಿನಿಂದ ಕೇಳಿ ಕೇಳಿ, ತೊಡೆ ತಟ್ಟಿ ತಟ್ಟಿ ಕಲಿತಿದ್ದಳು.

"ಹೆಣ್ಮಗು ಡೋಲು ಹಿಡಿದ್ರೆ ಜನ ಏನಂತಾರೆ?" ಎಂದ ಲಕ್ಷ್ಮೀಪತಿ.

"ಕುಡುಕ ಅಂದಾಗ ನಮ್ಮಪ್ಪ ಸುಮ್ನಿದ್ದ. ಇದಕ್ಕೆ ನಾನೂ ಸುಮ್ನಿರ್ತೀನಿ ಬಿಡು ಮಾವ."

ಲಕ್ಷ್ಮೀಪತಿ ಮುಂದಿನ ಮದುವೆಗೆ ಇಬ್ಬರನ್ನೂ ಬರಹೇಳಿದ.

ಇವತ್ತು ಬೆಳಿಗ್ಗೆ ಮದುವೆ. ಮಾಂಗಲ್ಯದ ತಟ್ಟೆಯನ್ನು ಹಿರಿಯರಿಗೆಲ್ಲ ಮುಟ್ಟಿಸಿಕೊಂಡು ಬರುತ್ತಿದ್ದಂತೆ ಗವಿರಂಗಪ್ಪನ ಹೊಟ್ಟೆ ಗುಡುಗುಟ್ಟಿತು. ಅವನು ಗವಸು ಬಿಚ್ಚಿ ಮಗಳ ಕೈಗಿಟ್ಟು ಎದ್ದ. ರಂಜಿನಿ ನನ್ನನ್ನು ತೊಡೆಗೆ ಎಳೆದುಕೊಂಡಳು. "ಗಟ್ಟಿಮೇಳ!" ಅಯ್ಯೋ, ಏನು ಬಡಿದಳು ಆ ಹುಡುಗಿ! ಅಪ್ಪನಿಗೆ ಕಕ್ಕಸಿನ ಬಾಗಿಲ ಆಚೆಗೂ ಕೇಳಿರಬೇಕು.

ಆದರೆ ಆ ಅಬ್ಬರದ ನಡುವೆ ನನಗೆ ಇನ್ನೊಂದು ಸದ್ದು ಕೇಳಿಸಿತು. ನನ್ನ ಮಗ್ಗುಲಿಗೆ ಒರಗಿದ ಅವಳ ಹೊಟ್ಟೆಯಲ್ಲಿ ಅದೇ ಗುಡುಗುಡು. ಒಂಬತ್ತು ವರ್ಷ ಕೇಳಿದ ಸದ್ದು, ನನಗೆ ಗುರುತು ತಪ್ಪುವುದಿಲ್ಲ. ಆ ದೊಡ್ಡಪ್ಪ ಕೇಳಿದ ಮಾತು ನೆನಪಾಗಿ ನನ್ನ ಜಂಬವೆಲ್ಲ ಇಳಿದುಹೋಯಿತು. ಕೆಟ್ಟ ಸದ್ದನ್ನು ಮುಚ್ಚುವುದೇ ನನ್ನ ಬದುಕಾಗಿತ್ತು. ಮುಚ್ಚಿ ಮುಚ್ಚಿಯೇ ಇವಳ ಅಪ್ಪ ಅರ್ಧವಾದ. ಮಗಳೇ, ನೀನು ಮುಚ್ಚಬೇಡ ಎಂದು ಕೂಗಬೇಕೆನಿಸಿತು. ಬಾಯಿಂದ ಬಂದದ್ದು ಬರೀ ಗಟ್ಟಿಮೇಳ.

ಗವಿರಂಗಪ್ಪ ಮುಖ ತೊಳೆದುಕೊಂಡು ಬಂದು ಕೂತ. ರಂಜಿನಿ ಕೈಯ ಗವಸು ಬಿಚ್ಚುತ್ತಾ, ನನ್ನ ಮೇಲೆಯೇ ಕಣ್ಣಿಟ್ಟು ಹೇಳಿದಳು.

"ಅಪ್ಪಾ, ನಂಗೂ ಹಂಗೇ ಆಗ್ತದೆ. ಎರಡು ವರ್ಷ ಆಯ್ತು. ಯಾರಿಗೂ ಹೇಳಿರ್ಲಿಲ್ಲ."

ಅವನ ಕೈ ನನ್ನ ಮೇಲೆ ಹಾಗೇ ನಿಂತಿತು. ಮೆಲ್ಲಗೆ ಮಾತಾಡು ಅನ್ನುತ್ತಾನೇನೋ ಎಂದು ಹೆದರಿದೆ. ಅನ್ನಲಿಲ್ಲ. ಪಕ್ಕದಲ್ಲಿದ್ದ ಲಕ್ಷ್ಮೀಪತಿಗೂ ಕೇಳುವಂತೆ, "ಡಾಕ್ಟರಮ್ಮ ಒಂದು ಗಂಟೆ ತನಕ ಇರ್ತಾರೆ. ಊಟಕ್ಕೆ ಕಾಯದು ಬ್ಯಾಡ, ನಡಿ" ಎಂದ.

ಈಗ ನಾನು ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರ ನಡುವೆ ಕೂತಿದ್ದೇನೆ. ನನಗೂ ವಯಸ್ಸಾಯಿತು, ಹಲಸಿನ ಮೈಯಲ್ಲಿ ಒಂದು ಬಿರುಕು ಬಿಟ್ಟಿದೆ. ಇನ್ನೆಷ್ಟು ಮದುವೆಯೋ ಗೊತ್ತಿಲ್ಲ. ಎಡಕ್ಕೆ ಅಪ್ಪನ ಹೊಟ್ಟೆ, ಬಲಕ್ಕೆ ಮಗಳ ಹೊಟ್ಟೆ, ಎರಡೂ ಗುಡುಗುಡು ಎನ್ನುತ್ತಿವೆ. ನನ್ನನ್ನು ಇಲ್ಲಿ ಯಾರೂ ಬಾರಿಸುವುದಿಲ್ಲ, ಆದ್ದರಿಂದ ಚೆನ್ನಾಗಿ ಕೇಳಿಸುತ್ತಿದೆ.

ಒಳಗಿನಿಂದ ರಂಜಿನಿಯ ಹೆಸರು ಕೂಗಿದರು. ಗವಿರಂಗಪ್ಪ ಅವಳಿಗಿಂತ ಮೊದಲು ಎದ್ದು ನಿಂತ.