ಸರದಿ ತಪ್ಪಿದ ಬೀದಿ

ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಎಂದೇ ರವಿಕುಮಾರ ನಂಬಿದ್ದ. ಚಾಮರಾಜನಗರದ ಗೊಬ್ಬರದಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಸೊಸೈಟಿಗಳಿಗೆ, ಅರಿಸಿನದ ಮಂಡಿಗಳಿಗೆ ಪ್ರೋಗ್ರಾಂ ಬರೆದುಕೊಡುವುದು ಅವನ ಕಸುಬು. ಹಳ್ಳಿ ಶಾಲೆಯಲ್ಲಿ ಓದಿ, ಹೇಗೋ ಡಿಪ್ಲೊಮಾ ಮುಗಿಸಿ ಮೇಲೆ ಬಂದವನು. ವಯಸ್ಸು ನಲವತ್ತೈದು ದಾಟಿದರೂ ಕೋಪ ಮಾತ್ರ ಇಪ್ಪತ್ತರದೇ. ಅಕ್ಕ ಸೋಮಮ್ಮನನ್ನು ಕೊಟ್ಟಿದ್ದು ಗುಂಡ್ಲುಪೇಟೆ ಆಚೆ, ಕೇರಳದ ಗಡಿಯ ಮದ್ದೂರಿಗೆ ಹೋಗುವ ದಾರಿಯ ಒಂದು ಹಳ್ಳಿಗೆ. ಕೂಲಿ ಮಾಡಿಕೊಂಡು ಬದುಕುವವಳು. ಯುಗಾದಿ ಆದಮೇಲೆ ತನಗೆ ಕೆಲಸಕ್ಕೆ ಕರೆಯೇ ಬಂದಿಲ್ಲ ಎಂದು ಅವಳು ಮತ್ತೆ ಫೋನ್ ಮಾಡಿದಾಗ ರವಿಕುಮಾರ ರೇಗಿಬಿಟ್ಟ. ಮೆಸೇಜ್ ಬಂದರೆ ನೋಡುವುದಿಲ್ಲ, ಫೋನನ್ನು ಚಾರ್ಜಿಗೆ ಹಾಕುವುದಿಲ್ಲ, ಆಮೇಲೆ ನನ್ನ ಪ್ರೋಗ್ರಾಮಿನ ಮೇಲೆ ದೂರು ಹೇಳುತ್ತೀಯ ಎಂದು ಬಾಯಿಗೆ ಬಂದದ್ದೆಲ್ಲ ಅಂದ. ಸೋಮಮ್ಮ ಫೋನ್ ಇಟ್ಟುಬಿಟ್ಟಳು.

ಆ ಪ್ರೋಗ್ರಾಂ ಅಕ್ಕನ ಊರಿನ ಹೆಂಗಸರ ಕೂಲಿ ಸಂಘದ್ದು. ಮೊದಲು ಚೆಂಡು ಹೂವು ಕೊಯ್ಯಲು, ಅರಿಸಿನ ಅಗೆಯಲು ಆಳು ಬೇಕಾದರೆ ಮೇಸ್ತ್ರಿ ತನಗೆ ಬೇಕಾದವರನ್ನು ಮಾತ್ರ ಟೆಂಪೋ ಹತ್ತಿಸುತ್ತಿದ್ದ. ಅದು ತಪ್ಪಲಿ ಎಂದು ಮೇಲಿನ ಬೀದಿಯ ದೊಡ್ಡಮಲ್ಲಮ್ಮ ಮುಂದೆ ನಿಂತು ಸಂಘ ಕಟ್ಟಿದಳು. ಲಿಂಗಾಯತರ ಮನೆಯ ಹೆಂಗಸು, ಒಂದು ಕಾಲಕ್ಕೆ ಜಮೀನಿದ್ದವಳು. ಆದರೂ ಕೆಳಗಿನ ನಾಯಕರ ಬೀದಿಗೆ ಬಂದು, ಸೋಮಮ್ಮನ ಜಗಲಿಯಲ್ಲಿ ಕೂತು, ಎರಡೂ ಬೀದಿಯವರು ಒಂದೇ ಗಾಡಿಯಲ್ಲಿ ಹೋಗಬೇಕು ಎಂದು ಒಪ್ಪಿಸಿದ್ದಳು. ರೈತ ಇಷ್ಟು ಆಳು ಬೇಕು ಎಂದು ಮೊಬೈಲಿನಲ್ಲಿ ಒತ್ತಿದರೆ ಸಾಕು. ಯಾರು ಕಡಿಮೆ ದಿನ ಕೆಲಸಕ್ಕೆ ಹೋಗಿದ್ದಾರೋ ಅವರಿಗೆ ಮೊದಲು ಮೆಸೇಜ್ ಹೋಗಬೇಕು. ಅಷ್ಟೇ ಲೆಕ್ಕ.

ಅದನ್ನು ಯಾವುದರಲ್ಲಿ ಬರೆಯಬೇಕು ಎಂಬುದಕ್ಕೇ ಒಂದು ವಾರ ಜಗಳವಾಗಿತ್ತು. ಜೊತೆಗೆ ಕೆಲಸ ಮಾಡುವ ಶಶಿರೇಖಾ ಪ್ರೋಗ್ರಾಮಿನ ಸಿದ್ಧ ಚೌಕಟ್ಟಾಗಿ ಒಂದು ಪುಟ್ಟ ಫ್ರೇಮ್‌ವರ್ಕ್ ಸಾಕು ಎಂದಿದ್ದಳು. ಡೇಟಾಬೇಸಿಗೆ ಹಾಕುವ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ನಾವೇ ಕೈಯಾರೆ ಬರೆಯೋಣ, ಆಗ ಏನು ಕೇಳಿದೆವು ಏನು ಬಂತು ಎಂಬುದು ಕಣ್ಣಿಗೆ ಕಾಣುತ್ತದೆ ಎಂಬುದು ಅವಳ ವಾದ. ರವಿಕುಮಾರನಿಗೆ ಅಷ್ಟು ತಾಳ್ಮೆ ಎಲ್ಲಿ? ಅವನು ದೊಡ್ಡ ಫ್ರೇಮ್‌ವರ್ಕನ್ನೇ ಹಿಡಿದ. ಅದರಲ್ಲಿ ಎಲ್ಲವೂ ಸಿದ್ಧವಾಗಿರುತ್ತದೆ. ಸದಸ್ಯರನ್ನು ಕೊಡು ಎಂದರೆ ಅದರ ಟೂಲೇ ಕ್ವೆರಿ ಬರೆದುಕೊಂಡು ತಂದುಕೊಡುತ್ತದೆ. ಬಂದವರನ್ನು ದುಡಿದ ದಿನದ ಪ್ರಕಾರ ಜೋಡಿಸುವ ನಾಲ್ಕು ಸಾಲನ್ನು ಮಾತ್ರ ತಾನು ಬರೆದರಾಯಿತು.

"ಬೋರ್‌ವೆಲ್ ಇರೋವಾಗ ಬಾವಿ ತೋಡ್ತೀನಿ ಅಂತೀಯಲ್ಲಮ್ಮಿ," ಎಂದು ಅವಳನ್ನು ಹಂಗಿಸಿದ್ದ.

"ಬಾವೀಲಾದ್ರೆ ನೀರು ಎಷ್ಟದೆ ಅಂತ ಬಗ್ಗಿ ನೋಡ್ಬೋದು ಕಣಣ್ಣ," ಎಂದು ಅವಳೂ ಬಿಟ್ಟಿರಲಿಲ್ಲ. ಕೊನೆಗೆ ಅವನದೇ ನಡೆಯಿತು. ಐವತ್ತು ಅರವತ್ತು ಹೆಂಗಸರ ಹೆಸರು ಹಾಕಿ ಪರೀಕ್ಷೆ ಮಾಡಿದಾಗ ಒಂದು ಕೂದಲೂ ಆಚೀಚೆ ಆಗಲಿಲ್ಲ.

ಅಕ್ಕನನ್ನು ಬೈದ ಎರಡನೇ ದಿನಕ್ಕೆ ದೊಡ್ಡಮಲ್ಲಮ್ಮನ ಫೋನ್ ಬಂತು. ಕೆಳಗಿನ ಬೀದಿಯವರು ತಿರುಗಿಬಿದ್ದಿದ್ದಾರೆ, ಜಾತಿ ನೋಡಿ ಕರೆಯುತ್ತೀಯ ಎಂದು ಮುಖದ ಮೇಲೇ ಅಂದಿದ್ದಾರೆ, ಮಗಳ ನಿಶ್ಚಿತಾರ್ಥಕ್ಕೆ ಆ ಬೀದಿಯಿಂದ ಒಂದು ಮಗುವೂ ಬರಲಿಲ್ಲ, ಭಾನುವಾರ ಸಭೆ ಸೇರಿಸಿ ತನ್ನನ್ನು ಅಧ್ಯಕ್ಷೆಯ ಜಾಗದಿಂದ ಇಳಿಸುತ್ತಾರಂತೆ ಎಂದಳು. "ಮಿಷನ್ನಿಗೆ ಜಾತಿ ಗೊತ್ತಿಲ್ಲ ಅಂತ ನೀನೊಂದು ಮಾತು ಬಂದು ಹೇಳಪ್ಪ. ನಿನ್ ಮಾತಾದ್ರೆ ಕೇಳ್ತಾರೆ. ನೀನು ಅವ್ರೋನು."

ಅದಕ್ಕೇನು, ಹೇಳೋಣ ಎಂದು ರವಿಕುಮಾರ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ಗುಂಡ್ಲುಪೇಟೆಯಲ್ಲಿ ಇಳಿದು ಆಟೋ ಹಿಡಿಯುವವರೆಗೂ ಅವನ ಮನಸ್ಸಿನಲ್ಲಿ ಗುಲಗಂಜಿಯಷ್ಟೂ ಅನುಮಾನವಿರಲಿಲ್ಲ.

ಸಮುದಾಯ ಭವನದಲ್ಲಿ ಎರಡು ಬೀದಿಯವರು ಎರಡು ಗೋಡೆಗೆ ಒರಗಿ ಕೂತಿದ್ದರು. ನಡುವೆ ಖಾಲಿ ಜಮಖಾನ. ಸೋಮಮ್ಮ ತಮ್ಮನನ್ನು ನೋಡಿಯೂ ನೋಡದವಳಂತೆ ಮುಖ ತಿರುಗಿಸಿದಳು. ಕೆಳಗಿನ ಬೀದಿಯ ಪರವಾಗಿ ರಾಚಮ್ಮ ಎದ್ದು ನಿಂತಳು. ಅವಳು ಹೇಳಿದ್ದರಲ್ಲಿ ಗಲಾಟೆ ಇರಲಿಲ್ಲ. ಅದೇ ಕೇಳುವವರಿಗೆ ಕಷ್ಟವಾಗುವಂತಿತ್ತು. ಸಂಘ ಚಿಕ್ಕದಾಗಿದ್ದಾಗ ಎಲ್ಲರಿಗೂ ಕರೆ ಬರುತ್ತಿತ್ತು. ಅಧ್ಯಕ್ಷೆ ಮೇಲಿನ ಬೀದಿಯಿಂದ ಹೊಸ ಹೆಂಗಸರನ್ನು ಸೇರಿಸುತ್ತಾ ಹೋದ ಹಾಗೆಲ್ಲ ಇತ್ತ ಕಡೆ ಒಬ್ಬೊಬ್ಬರಿಗೇ ನಿಲ್ಲುತ್ತಾ ಬಂತು. ಮೊದಲು ಹೊನ್ನಮ್ಮನಿಗೆ, ಆಮೇಲೆ ಸೋಮಮ್ಮನಿಗೆ, ಸಿದ್ದಮ್ಮನಿಗೆ, ಕೊನೆಗೆ ಯುಗಾದಿಯ ಹೊತ್ತಿಗೆ ತನಗೆ. ಕೆಳಗಿನ ಬೀದಿಯ ಚಿಕ್ಕತಾಯಮ್ಮನಿಗೆ ಈಗಲೂ ಬರುತ್ತದೆ. ಯಾಕೆಂದರೆ ಅವಳು ಅಧ್ಯಕ್ಷೆಯ ಮನೆಗೆ ಹಾಲು ಹಾಕುತ್ತಾಳೆ.

ರವಿಕುಮಾರ ಗಂಟಲು ದೊಡ್ಡದು ಮಾಡಿದ. ಈ ಪ್ರೋಗ್ರಾಂ ಬರೆದವನು ತಾನು, ಇದರಲ್ಲಿ ಯಾರ ಕೈಯೂ ಆಡುವುದಿಲ್ಲ, ಕಡಿಮೆ ದುಡಿದವರೇ ಮೊದಲು, ಬೇಕಾದರೆ ಈಗಲೇ ತೋರಿಸುತ್ತೇನೆ ಎಂದ. ಚಾಮರಾಜನಗರದಲ್ಲಿದ್ದ ಶಶಿರೇಖಾಗೆ ಫೋನ್ ಹಚ್ಚಿ, ಟೂಲು ಗೀಲು ಬಿಟ್ಟು ನೇರ ಡೇಟಾಬೇಸಿಗೇ ಕೈಯಾರೆ ಕ್ವೆರಿ ಬರಿ, ಯುಗಾದಿಯಿಂದ ಯಾರ್‍ಯಾರು ಎಷ್ಟು ದಿನ ಹೋಗಿದ್ದಾರೆ ಕಳಿಸು ಎಂದ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಹೆಸರುಗಳು ಮೂಡಿದವು. ಅಕ್ಷರಮಾಲೆಯಂತೆ ಇದ್ದವು. ಗಂಗಾಂಬಿಕೆ, ಚಿಕ್ಕತಾಯಮ್ಮ, ನಾಗರತ್ನ, ಮಹಾಲಕ್ಷ್ಮಮ್ಮ, ಮಾದಮ್ಮ. ಎಲ್ಲರ ಮುಂದೆಯೂ ದಿನದ ಲೆಕ್ಕ ಹೆಚ್ಚು ಕಡಿಮೆ ಒಂದೇ ಸಮ. ಅವನು ಬೆರಳಿನಿಂದ ಇನ್ನೂ ಕೆಳಗೆ ಸರಿಸಿದ.

ರಾಚಮ್ಮ, ಸೊನ್ನೆ. ಸಾಕಮ್ಮ, ಸೊನ್ನೆ. ಸಿದ್ದಮ್ಮ, ಸೊನ್ನೆ. ಸೋಮಮ್ಮ, ಸೊನ್ನೆ. ಕೊನೆಯವರೆಗೂ ಸೊನ್ನೆ.

ರವಿಕುಮಾರನ ಬೆರಳು ಅಲ್ಲೇ ನಿಂತಿತು. ಪರದೆ ಕೆಟ್ಟಿದೆಯೇನೋ ಎಂದು ಮೇಲಕ್ಕೆ ಸರಿಸಿ ಮತ್ತೆ ಕೆಳಕ್ಕೆ ಬಂದ. ಸೊನ್ನೆಗಳು ಹಾಗೇ ಕೂತಿದ್ದವು. ಫೋನಿನಲ್ಲಿ ಶಶಿರೇಖಾ ಮೆಲ್ಲಗೆ ಮಾತಾಡಿದಳು.

"ಅಣ್ಣ, ನೂರನೇ ಹೆಸರಿಗೆ ನಿಂತೋಗದೆ. ಆ ಫ್ರೇಮ್‌ವರ್ಕು ಒಂದು ಸಲಕ್ಕೆ ನೂರೇ ಜನನ ಕೊಡೋದು. ನಾವು ಬದಲಾಯಿಸ್ಬೇಕಿತ್ತು. ನೋಡೇ ಇಲ್ಲ."

ಅವನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಟೂಲು ಹೆಸರಿನ ಪ್ರಕಾರ ಮೊದಲ ನೂರು ಜನರನ್ನು ತಂದುಕೊಡುತ್ತಿತ್ತು. ತನ್ನ ನಾಲ್ಕು ಸಾಲು ಆ ನೂರರೊಳಗೇ ಬಹಳ ನ್ಯಾಯವಾಗಿ ಸರದಿ ಹಂಚುತ್ತಿತ್ತು. ಅಕ್ಷರಮಾಲೆಯಲ್ಲಿ ಮೊದಲು ಬರುವ ಹೆಸರಿನವರು ಹೊಸದಾಗಿ ಸೇರಿದ ಹಾಗೆಲ್ಲ ಕೊನೆಯ ಅಕ್ಷರಗಳವರು ಬಾಲದಿಂದ ಉದುರಿದ್ದರು. ಅವರು ಇದ್ದಾರೆ ಎಂಬುದೇ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ.

ಇಡೀ ಸಭೆ ಅವನ ಬಾಯಿ ನೋಡುತ್ತಿತ್ತು. ದೊಡ್ಡಮಲ್ಲಮ್ಮನಂತೂ ಅವನು ಒಳಗೆ ಬಂದಾಗ ಮುಗಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ರವಿಕುಮಾರ ಒರಟನೇ ಹೊರತು ಹೇಡಿಯಲ್ಲ. ತಪ್ಪು ತನ್ನದು, ಅಧ್ಯಕ್ಷೆಯದಲ್ಲ ಎಂದು ನಿಂತಲ್ಲೇ ಹೇಳಿದ. ನೂರರ ಲೆಕ್ಕವನ್ನೂ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದ. ರಾಚಮ್ಮ ನಕ್ಕಳು.

"ಊರ್ನಲ್ಲಿ ಇಷ್ಟ್ ಬೀದಿ ಅವೆ. ನಮ್ ಬೀದಿನೇ ಹೆಂಗ್ಲಾ ಹುಡುಕ್ಕತು ನಿನ್ ಮಿಷನ್ನು? ಎಷ್ಟ್ ಕೊಟ್ಳು ಆಯಮ್ಮ?"

ರವಿಕುಮಾರ ಸೊನ್ನೆಗಳ ನಡುವೆ ಲಿಂಗಾಯತರದೆನ್ನಿಸಿದ ಒಂದು ಹೆಸರು ಹುಡುಕಿ, ಮೇಲಿನ ಬೀದಿಯ ಕಡೆ ತಿರುಗಿ, ಇಲ್ಲಿ ಶಿವನಾಗಮ್ಮ ಎಂಬವರು ಇದ್ದೀರಾ ಎಂದು ಕೇಳಿದ. ಅಧ್ಯಕ್ಷೆಯ ಸ್ವಂತ ಓರಗಿತ್ತಿ ಅವಳು. ಸೆರಗು ಎಳೆದುಕೊಂಡು ಎದ್ದಳು. ತನಗೂ ಯುಗಾದಿಯಿಂದ ಕರೆ ಇಲ್ಲ ಎಂದಳು. ಎರಡು ಮನೆಯ ನಡುವಿನ ಗೋಡೆಗೆ ಜಗಳವಾಗಿತ್ತು, ಅದರ ಸಿಟ್ಟಿಗೆ ಓರಗಿತ್ತಿ ಹೀಗೆ ಮಾಡಿಸಿದ್ದಾಳೆ ಎಂದುಕೊಂಡು ಸುಮ್ಮನಿದ್ದೆ ಎಂದಳು. ಅವಳ ಹಿಂದೆಯೇ ಸುಂದರಮ್ಮ ಬಾಯಿಬಿಟ್ಟಳು. ಮಗ ಬೇರೆ ಜಾತಿಯ ಹುಡುಗಿಯ ಜೊತೆ ಓಡಿಹೋದದ್ದಕ್ಕೆ ತನ್ನನ್ನು ದೂರ ಇಟ್ಟಿದ್ದಾರೆ ಎಂದು ಅವಳು ತಿಳಿದಿದ್ದಳು. ಕೆಳಗಿನ ಬೀದಿಯ ಸಾಕಮ್ಮ ತನಗೆ ವಯಸ್ಸಾಯಿತೆಂದು ಬಿಟ್ಟಿದ್ದಾರೆ ಎಂದುಕೊಂಡಿದ್ದಳು. ಒಬ್ಬೊಬ್ಬರ ಹತ್ತಿರವೂ ಒಂದೊಂದು ಕಾರಣವಿತ್ತು. ಒಂದಕ್ಕಿಂತ ಒಂದು ನಿಜವೆನ್ನಿಸುವಂತಿತ್ತು.

ರವಿಕುಮಾರ ಅಕ್ಕನ ಕಡೆ ನೋಡಿದ.

"ನನ್ನೇನ್ ನೋಡೀಯೆ?" ಎಂದಳು ಸೋಮಮ್ಮ. "ಅಕ್ಕನ್ಗೆ ಮಾಡ್ಕೊಟ್ಟ ಅಂತ ಯಾರಾರಾ ಅಂದಾರು ಅಂತ ನೀನೇ ನನ್ ಹೆಸರ ತಗ್ದಾಕಿದೀಯ ಅನ್ಕಂಡೆ. ನೀನ್ ಬೈದ್ಮೇಲೆ ದಿಟ್ವೇ ಅಂತ ಗಟ್ಟಿ ಆಯ್ತು."

ಸಭೆಯಲ್ಲಿ ಈಗ ಯಾರೂ ಗೋಡೆಗೆ ಒರಗಿರಲಿಲ್ಲ. ಎಲ್ಲರೂ ಪಕ್ಕದವರ ಮುಖ ನೋಡುತ್ತಿದ್ದರು. ರಾಚಮ್ಮನೇ ಮೊದಲು ಸುಧಾರಿಸಿಕೊಂಡು, ಹಂಗಾದ್ರೆ ಅಧ್ಯಕ್ಷೆಯದು ಏನೂ ತಪ್ಪಿಲ್ಲ, ಅವರೇ ಮುಂದುವರಿಯಲಿ ಎಂದಳು. ಒಬ್ಬರೂ ಬೇಡವೆನ್ನಲಿಲ್ಲ.

ದೊಡ್ಡಮಲ್ಲಮ್ಮ ಮುಗಿದ ಕೈ ಬಿಟ್ಟು ಎದ್ದಳು.

"ನೂರಕ್ಕೆ ನಿಲ್ಸಿದ್ದು ಮಿಷನ್ನು, ಒಪ್ದೆ. ನಾನು ಅಂಥೋಳು ಅಂತ ನಂಬುದ್ರಲ್ಲ, ಅದು ಯಾವ್ ಮಿಷನ್ನು?" ಎಂದಳು. ದನಿ ಏರಿಸಲಿಲ್ಲ. ಓರಗಿತ್ತಿಯ ಮುಖವನ್ನೂ ಒಂದು ಸಲ ನೋಡಿದಳು. "ನಂಗೆ ಬ್ಯಾಡ ಬುಡಿ."

ಖಾಲಿ ಜಮಖಾನವನ್ನು ದಾಟಿ ಅವಳು ಹೊರಗೆ ಹೋದಳು. ತಡೆಯಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಸೋಮಮ್ಮ, ನೀನು ಇಲ್ಲೇ ಕೂತು ಅದನ್ನು ಸರಿಮಾಡು ಎಂದು ತಮ್ಮನಿಗೆ ಹೇಳಿ ಎದ್ದಳು. ಅವಳ ಹಿಂದೆ ರಾಚಮ್ಮ, ಶಿವನಾಗಮ್ಮ, ಆಮೇಲೆ ಎಲ್ಲರೂ ಎದ್ದರು.

ಆ ಸಂಜೆ ರವಿಕುಮಾರ ಫ್ರೇಮ್‌ವರ್ಕಿನ ಟೂಲನ್ನು ಕಿತ್ತುಹಾಕಿದ. ಶಶಿರೇಖಾ ಫೋನಿನಲ್ಲಿ ಹೇಳುತ್ತಾ ಹೋದ ಹಾಗೆ ಕ್ವೆರಿಯನ್ನು ಕೈಯಾರೆ ಬರೆದ. ಕಡಿಮೆ ದುಡಿದವರು ಮೊದಲು, ಇರುವವರೆಲ್ಲ, ಒಬ್ಬರನ್ನೂ ಬಿಡದೆ. ಮೂರೇ ಸಾಲು. ನಾಳೆಯ ಹೂವಿನ ಹೊಲಕ್ಕೆ ಕರೆಯುವ ಮೆಸೇಜುಗಳು ಹೊರಟವು.

ಕೊನೆಯ ಬಸ್ಸಿಗೆಂದು ಹೊರಟವನು ಮೇಲಿನ ಬೀದಿ ದಾಟುವಾಗ ಕಂಡ. ದೊಡ್ಡಮಲ್ಲಮ್ಮನ ಜಗಲಿ ತುಂಬ, ಮೆಟ್ಟಿಲ ತುಂಬ, ಬೀದಿಯ ಮಣ್ಣಿನ ಮೇಲೂ ಹೆಂಗಸರು ಕೂತಿದ್ದರು. ಎರಡೂ ಬೀದಿಯವರು ಬೆರೆತುಹೋಗಿದ್ದರು. ಸೋಮಮ್ಮ ಮುಚ್ಚಿದ ಕದಕ್ಕೆ ಬಾಯಿ ಹಚ್ಚಿ ಏನೋ ಹೇಳುತ್ತಿದ್ದಳು. ಕದ ತೆಗೆದಿರಲಿಲ್ಲ. ಯಾರೂ ಎದ್ದು ಹೋಗಿರಲಿಲ್ಲ.